ತುಕ್ಕು ತಿನ್ನುವ ಪ್ರಾಣಿ

ಮೇಜಿನ ಸುತ್ತ ಕೂತು, ದಾಳ ಉರುಳಿಸಿ, ಕತೆ ಕಟ್ಟುತ್ತ ಆಡುವ ಆಟವೊಂದನ್ನು ಕಾಲೇಜಿನ ದಿನಗಳಲ್ಲಿ ಆಡುತ್ತಿದ್ದೆವು. ಆ ಆಟದ ಹಳೆಯ ರಾಕ್ಷಸರ ಪುಸ್ತಕ ಹೋದ ವರ್ಷ ಹೈದರಾಬಾದಿನಲ್ಲಿ ಸಿಕ್ಕಿತು. ಜಹೀರಾಬಾದಿನ ಮನೆಗೆ ತಂದು ಮತ್ತೆ ಓದತೊಡಗಿದೆ. ಅದರಲ್ಲಿ ಕಬ್ಬಿಣಕ್ಕೆ ಮೀಸೆ ತಾಗಿಸಿ, ತುಕ್ಕು ಹಿಡಿಸಿ ತಿನ್ನುವ ಪ್ರಾಣಿಯೊಂದಿದೆ. ಬಾಲದ ತುದಿ ಫ್ಯಾನಿನ ರೆಕ್ಕೆಯಂತಿದೆ. ಇಂಥದ್ದು ಯಾರ ತಲೆಗೆ ಹೊಳೆಯಿತೋ ಎಂಬ ಕುತೂಹಲ ನನಗೆ ಮೊದಲಿನಿಂದಲೂ ಇತ್ತು.

ತೊಗರಿ ಹಸನು ಮಾಡುತ್ತಿದ್ದ ಅವ್ವ ಚಿತ್ರ ನೋಡಿ, "ಇದು ನಿನ್ನ ಗೊಂಬಿ ಅಲ್ಲೇನು? ಝರಾಸಂಗಂ ಬಸ್ ಸ್ಟ್ಯಾಂಡಿನಾಗ ಕೊಡಿಸಿದ್ದೆ" ಎಂದಳು. ಎದ್ದು ಹೋಗಿ ಟ್ರಂಕಿನಿಂದ ಅದನ್ನು ತೆಗೆದುಕೊಂಡು ಬಂದಳು. ಪ್ಲಾಸ್ಟಿಕ್ಕಿನದು. ಅದೇ ಬಾಲ, ಅದೇ ಮೀಸೆ.

ಫೋನಿನಲ್ಲಿ ಹುಡುಕಿದೆ. ಆಟ ಕಟ್ಟಿದವರು ಇಂಥ ಅಗ್ಗದ ಗೊಂಬೆಗಳನ್ನೇ ಮೇಜಿನ ಮೇಲಿಟ್ಟು, ಅವಕ್ಕೆ ಹೆಸರನ್ನೂ ಹಸಿವನ್ನೂ ಕೊಟ್ಟಿದ್ದರಂತೆ.

"ನನ್ನ ಗೊಂಬಿ ಏನ್ ತಿಂತಿತ್ತವ್ವ?" ಎಂದು ಕೇಳಿದೆ.

"ಬೆಲ್ಲ. ಡಬ್ಬಿ ಖಾಲಿ ಆದಾಗೆಲ್ಲ ಇದೇ ತಿಂದದ ಅಂತಿದ್ದಿ" ಎಂದಳು ಅವ್ವ.

ಪುಸ್ತಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಅದನ್ನೂ ಬರೆದಿಟ್ಟೆ.