ಮೆಳ್ಳೆಗಣ್ಣಿನ ಪಾಲುದಾರ

ಊರಲ್ಲಿ ಯಾವ ಅಂಗಡಿಯ ಬೋರ್ಡ್ ನೋಡಿದರೂ ಅದು ಬೋರ್ಡಪ್ಪನ ಕೈಕೆಲಸವೇ. ಹೆತ್ತವರಿಟ್ಟ ಹೆಸರು ಹೆಂಡತಿಗೂ ಮರೆತುಹೋಗುವಷ್ಟು ಆ ಅಡ್ಡಹೆಸರು ಅಂಟಿಕೊಂಡಿತ್ತು. ಇಷ್ಟೆಲ್ಲ ಹೆಸರು ಮಾಡಿದ ಮನುಷ್ಯ ಒಂದು ಬೀದಿಗೆ ಮಾತ್ರ ಕಾಲಿಡುತ್ತಿರಲಿಲ್ಲ. ಯಾಕೆ ಅಂತೀರಾ? ಅವನ ಮೊಟ್ಟಮೊದಲ ಬೋರ್ಡು ಇದ್ದದ್ದು ಅಲ್ಲೇ, ಕ್ಷೌರದಂಗಡಿಯ ಮೇಲೆ. ಮೂವತ್ತೆರಡು ವರ್ಷದ ಹಿಂದೆ, ಮೀಸೆ ಆಗಷ್ಟೇ ಚಿಗುರುತ್ತಿದ್ದಾಗ, ಗುಂಗುರು ಕೂದಲಿನ ಸುಂದರಾಂಗನ ಮುಖ ಬರೆಯಲು ಹೋಗಿ ಎರಡು ಕಣ್ಣನ್ನೂ ಎರಡು ದಿಕ್ಕಿಗೆ ತಿರುಗಿಸಿಬಿಟ್ಟಿದ್ದ. ಜನ ಅದನ್ನು ಮೆಳ್ಳೆಗಣ್ಣಿನ ಅಂಗಡಿ ಎಂದೇ ಕರೆಯತೊಡಗಿದರು. ಸರಿಮಾಡಿಕೊಡ್ತೀನಿ ಅನ್ನಲೂ ಇವನಿಗೆ ನಾಚಿಕೆ. ಅಂದಿನಿಂದ ತಲೆಗೂದಲನ್ನೂ ಹೆಂಡತಿಯ ಕೈಲೇ ಕತ್ತರಿಸಿಕೊಳ್ಳುತ್ತಿದ್ದ. ಆಕೆ ಬಟ್ಟೆ ಹೊಲಿಯುವವಳು. ಪಾಪ, ಅವನ ತಲೆ ಯಾವಾಗಲೂ ಲಂಗದ ಅಂಚು ಕತ್ತರಿಸಿದ ಹಾಗಿರುತ್ತಿತ್ತು.

ಈ ವರ್ಷ ರಸ್ತೆ ಅಗಲ ಮಾಡಲು ಆ ಸಾಲಿನ ಅಂಗಡಿಗಳೆಲ್ಲ ನೆಲಸಮವಾದವು. ಕ್ಷೌರದಂಗಡಿಯ ಅಣ್ಣ ಎದೆಗುಂದುವ ಪೈಕಿಯಲ್ಲ. ಮಗಳೂ ಅದೇ ಕೆಲಸ ಕಲಿತಿದ್ದಳು. ಅವಳ ಊರಲ್ಲಿ ಇಬ್ಬರೂ ಸೇರಿ ಹೊಸ ಅಂಗಡಿ ಹಾಕುವುದೆಂದಾಯಿತು. ಹೊರಡಲು ಇನ್ನೂ ಒಂದು ತಿಂಗಳಿರುವಾಗ ಅವನೇ ಬೋರ್ಡಪ್ಪನ ಮನೆ ಹುಡುಕಿಕೊಂಡು ಬಂದ.

"ಹೊಸ ಗೋಡೆ ಮೇಲೆ ಹಾಕೋಕೆ ಹಳೇ ಅಂಗಡಿಯ ಒಂದು ಫೋಟೋ ಇಲ್ಲ ಕಣೋ. ಬಾಗಿಲಲ್ಲಿ ನಿಂತು ತೆಗೆಸ್ಕೋಬೇಕು ಅನ್ನೋ ಬುದ್ಧಿ ಅಂಗಡಿ ಇದ್ದಾಗ ಬರಲಿಲ್ಲ. ನೀನು ಚಿತ್ರ ಬರೆದಾದ್ರೂ ಕೊಡು."

ಬೋರ್ಡಪ್ಪ ನೆಲ ನೋಡುತ್ತಾ, "ಚಿತ್ರ ಯಾಕಣ್ಣಾ? ಬಾಗಿಲಲ್ಲೇ ನಿಲ್ಲಿಸಿ ಫೋಟೋ ತೆಗೀತೀನಿ," ಅಂದುಬಿಟ್ಟ. ಆಡಿದ ಮಾತು ಬಾಯಿಗೆ ವಾಪಸ್ ಹೋಗುತ್ತದೆಯೇ?

ತಿಂಗಳಿಡೀ ಕೂತ. ರಟ್ಟು, ತೆಳು ಹಲಗೆ, ಬಿಸ್ಕತ್ತಿನ ಡಬ್ಬಿಯ ತಗಡು ಸೇರಿಸಿ ಮೊಳದೆತ್ತರದ ಅಂಗಡಿ ಕಟ್ಟಿದ. ಬಾಗಿಲು ಒಂದು ಗೇಣು. ಕನ್ನಡಿ, ಎತ್ತರದ ಕುರ್ಚಿ, ದಾರದ ಮೇಲೆ ಒಣಹಾಕಿದ ಟವೆಲು, ಸುಣ್ಣದ ಚಕ್ಕೆ ಎದ್ದ ಜಾಗ, ಒಂದನ್ನೂ ಬಿಡದೆ ಬಣ್ಣ ಹಚ್ಚಿದ. ಹಿಂದಿನ ಗೋಡೆಯನ್ನು ಮಾತ್ರ, ದೂರ ನಿಂತವರು ಬಾಗಿಲಲ್ಲಿ ಕಾಣಲಿ ಅಂತ, ಬೇಕೆಂದೇ ಇಡಲಿಲ್ಲ. ಕೊನೆಗೆ ಬೋರ್ಡು. ಸುಂದರಾಂಗನ ಕಣ್ಣು ಸಾಸಿವೆ ಕಾಳಿನಷ್ಟು. ಈ ಸಲ ನೆಟ್ಟಗೆ ಬರೆದು, ಉಸ್ಸಪ್ಪಾ ಎಂದ.

ಡಿಜಿಟಲ್ ಕ್ಯಾಮೆರಾ ಹೆಂಡತಿಯ ತಂಗಿಯದು. ಆಕೆ ಶಾಲೆಯಲ್ಲಿ ಟೀಚರು. "ಭಾವ, ನಾಳೆ ಮಕ್ಕಳ ಗ್ರೂಪ್ ಫೋಟೋ ಇದೆ. ಇವತ್ತು ಸಂಜೆ ಐದಕ್ಕೆ ನೀವಿರೋ ಜಾಗಕ್ಕೇ ಬಂದು ಇಸ್ಕೊಳ್ತೀನಿ," ಅಂತ ಕಟ್ಟುನಿಟ್ಟಾಗಿ ಹೇಳಿ ಕೊಟ್ಟಿದ್ದಳು. ಅಣ್ಣ ಊರು ಬಿಡುವುದೂ ಮರುದಿನ ಬೆಳಗ್ಗೆಯೇ. ಫೋಟೋ ಇವತ್ತು ಆದರೆ ಆಯಿತು, ಇಲ್ಲದಿದ್ದರೆ ಇಲ್ಲ.

ಹೆಂಡತಿಯನ್ನೂ ಕರೆದುಕೊಂಡು ಅಂಗಡಿಯಿದ್ದ ಖಾಲಿ ಜಾಗಕ್ಕೇ ಹೋದರು. ಸ್ಟೂಲಿನ ಮೇಲೆ ಪುಟ್ಟ ಅಂಗಡಿ, ಅದರ ಹಿಂದೆ ದೂರದಲ್ಲಿ ಅಣ್ಣ, ಮುಂದೆ ಮಂಡಿಯೂರಿದ ಬೋರ್ಡಪ್ಪ.

"ಅಣ್ಣಾ, ಇನ್ನೂ ಹಿಂದೆ ಹೋಗಿ!"

"ಇನ್ನೂ ಹಿಂದೆ ಹೋದ್ರೆ ಮಗಳ ಊರೇ ಬರುತ್ತೆ ಕಣೋ!"

ಹದಿನೈದು ಹೆಜ್ಜೆ ದೂರಕ್ಕೆ ಅಣ್ಣ ಸರಿಯಾಗಿ ಗೇಣುದ್ದದ ಬಾಗಿಲೊಳಗೆ ಹಿಡಿಸಿದ. ಆದರೂ ಫೋಟೋದಲ್ಲಿ ಅಂಗಡಿ ಚೊಕ್ಕ, ಅಣ್ಣ ಮಾತ್ರ ಮಸುಕು ಮಸುಕು. ಹತ್ತು ಸಲ ತೆಗೆದರೂ ಅದೇ ಕಥೆ. "ರೀ, ಕ್ಯಾಮೆರಾದಲ್ಲಿ ಆ ಹೂವಿನ ಗುರುತು ತೆಗೀರಿ. ಅದು ತೀರಾ ಹತ್ತಿರದ್ದಕ್ಕಂತೆ, ನನ್ನ ತಂಗಿ ಹೇಳಿದ್ಳು," ಎಂದಳು ಹೆಂಡತಿ. ಅದನ್ನು ತೆಗೆದು ಮತ್ತೆ ಕ್ಲಿಕ್ಕಿಸಿದ. ಆಹಾ! ಮಾಯವಾದ ಅಂಗಡಿ ಎದ್ದು ನಿಂತಿತ್ತು. ಬಾಗಿಲಲ್ಲಿ ಅಣ್ಣ ನಗುತ್ತಿದ್ದ.

ಅಣ್ಣ ಓಡಿಬಂದು ನೋಡಿದ. ಅರಳಿದ ಮುಖ ಹಾಗೇ ಬಾಡಿತು.

"ಎಲ್ಲ ಸರಿ. ಆದ್ರೆ ಬೋರ್ಡ್ ಮೇಲೆ ಇವನ್ಯಾರು?"

"ಅದು... ಕಣ್ಣು ಸರಿಮಾಡಿದೆ ಅಣ್ಣಾ."

"ಮಾಡು ಅಂತ ಯಾರು ಹೇಳಿದ್ರು? ನನ್ನವನು ಒಂದು ಕಣ್ಣಲ್ಲಿ ಕುರ್ಚಿ ಮೇಲಿನ ಗಿರಾಕಿನ ನೋಡ್ತಿದ್ದ, ಇನ್ನೊಂದರಲ್ಲಿ ಬೀದೀಲಿ ಬರೋನನ್ನ. ಅವನನ್ನ ನೋಡಿ ನಗೋಕೆ ನಿಂತೋರೇ ಒಳಗೆ ಬಂದು ಕೂತ್ಕೋತಿದ್ರು. ಅಂಗಡಿ ನಡೆಸಿದ್ದೇ ಅವನು ಕಣೋ. ಇದು ಯಾರದೋ ಅಂಗಡಿ."

ಬೋರ್ಡಪ್ಪನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಟೆ ನಾಲ್ಕೂವರೆ. ಬಣ್ಣದ ಪೆಟ್ಟಿಗೆ ತೆಗೆದು, ಸುಂದರಾಂಗನ ಕಣ್ಣು ಒರೆಸಿ ಮತ್ತೆ ಬರೆದ. ನೆಟ್ಟಗೆ ಬಂತು. ಇನ್ನೊಮ್ಮೆ ಒರೆಸಿ ಬರೆದ; ಅದೂ ನೆಟ್ಟಗೇ. ಪಳಗಿದ ಕೈ, ತಪ್ಪು ಮಾಡು ಅಂದರೆ ಕೇಳಬೇಕಲ್ಲ!

"ಎಡಗೈಲಿ ಹಿಡೀರಿ," ಎಂದಳು ಹೆಂಡತಿ. "ಆ ಕಾಲಕ್ಕೆ ನಿಮ್ಮ ಬಲಗೈಗೂ ಅಷ್ಟೇ ಬರ್ತಿದ್ದದ್ದು."

ಎಡಗೈ ಗಡಗಡ ನಡುಗಿತು. ಒಂದು ಕಣ್ಣು ಕುರ್ಚಿಯ ಕಡೆ ಹೋಯಿತು, ಇನ್ನೊಂದು ಬೀದಿಯ ಕಡೆ. ಅಣ್ಣ ಹದಿನೈದು ಹೆಜ್ಜೆ ಹಿಂದೆ ಓಡಿದ, ಹೆಗಲ ಮೇಲಿನ ಬಟ್ಟೆ ಒದರಿಕೊಂಡು ನಿಂತ. ಕ್ಲಿಕ್.

ಈ ಸಲ ಅಣ್ಣ ಪರದೆಯನ್ನು ಬಹಳ ಹೊತ್ತು ನೋಡಿದ. ಕಣ್ಣು ತುಂಬಿ ಬಂದಿತ್ತು. "ಬಂದ ನೋಡು ನನ್ನ ಪಾಲುದಾರ," ಎಂದ.

ಬೋರ್ಡಪ್ಪ ತಡೆಯಲಾರದೆ ಹೇಳಿಬಿಟ್ಟ. "ಅವನ ದೆಸೆಯಿಂದ ನಾನು ಮೂವತ್ತೆರಡು ವರ್ಷ ಈ ಬೀದಿಗೇ ಬರಲಿಲ್ಲ ಅಣ್ಣಾ."

"ಗೊತ್ತು ಬಿಡು. ನಿನ್ನ ತಲೆ ನೋಡಿದ್ರೇ ಗೊತ್ತಾಗ್ತಿತ್ತು. ಕೂತ್ಕೋ."

ಐದಕ್ಕೆ ಸರಿಯಾಗಿ ತಂಗಿ ಬಂದಾಗ ಪುಟ್ಟ ಅಂಗಡಿ ನೆಲದ ಮೇಲಿತ್ತು, ಭಾವ ಸ್ಟೂಲಿನ ಮೇಲೆ ಬಟ್ಟೆ ಹೊದ್ದು ಕೂತಿದ್ದ, ಅಕ್ಕ ಕ್ಯಾಮೆರಾ ಹಿಡಿದು ನಗುತ್ತಿದ್ದಳು.

"ಸ್ವಲ್ಪ ಕಾಯಮ್ಮಾ," ಎಂದ ಅಣ್ಣ, ಕತ್ತರಿ ಆಡಿಸುತ್ತಲೇ. "ಮೂವತ್ತೆರಡು ವರ್ಷದ ಕೆಲಸ ಬಾಕಿ ಇದೆ."