ಸೋಮವಾರದ ಬಾಣಲೆ

ನಂಜನಗೂಡಿನಲ್ಲಿ ಸೋಮವಾರ ಕುಡಿಯುವವರಿಗೆ ಕೊರತೆಯಿಲ್ಲ, ತಿನ್ನುವವರು ಮಾತ್ರ ಸಿಗುವುದಿಲ್ಲ. ಇದು ನನಗೆ ಗೊತ್ತಾದದ್ದು ತೊಂಬತ್ತರ ದಶಕದಲ್ಲಿ, ಊಟಿ ರಸ್ತೆಯ ಒಂದು ಬಾರ್ ಅಂಡ್ ರೆಸ್ಟೋರೆಂಟಿನ ಅಡುಗೆಮನೆಯನ್ನು ಕಾಂಟ್ರಾಕ್ಟಿಗೆ ಹಿಡಿದ ಮೇಲೆ. ಬಾಟ್ಲಿ ವ್ಯಾಪಾರ ಓನರದ್ದು, ತಟ್ಟೆ ವ್ಯಾಪಾರ ನನ್ನದು. ನಾನು ನರಸೀಪುರದ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಲೋಟ ತೊಳೆದು ಮೇಲೆ ಬಂದವನು. ಬಸ್ಸಿಳಿದು ಬಂದವರಿಗೆ ವಾರ ಯಾವುದಾದರೇನು, ಸಿಕ್ಕಿದ್ದು ತಿಂದು ಹೋಗುತ್ತಿದ್ದರು. ಇಲ್ಲಿ ಹಾಗಲ್ಲ. ಮಿಕ್ಕ ದಿನ ತಲೆಮಾಂಸ ಮುಗೀತು ಅಂದರೆ ಜಗಳಕ್ಕೆ ಬರುವವರೇ ಸೋಮವಾರ ಹಣೆ ತುಂಬ ವಿಭೂತಿ ಇಟ್ಟುಕೊಂಡು ಬಂದು, ಮನೆಯಿಂದ ತಂದ ಕಡ್ಲೆಬೀಜ ನೆಂಚಿಕೊಂಡು ಬ್ರಾಂದಿ ಕುಡಿದು ಎದ್ದು ಹೋಗುತ್ತಿದ್ದರು. ಈಶ್ವರನ ವಾರ. ಗ್ಲಾಸಿಗೆ ಅಡ್ಡಿಯಿಲ್ಲ, ಮಾಂಸ ಬೆಂದ ಪಾತ್ರೆಗೆ ಅಡ್ಡಿ.

ಓನರ್ ಒಂದು ದಿನ ಕರೆದು ಕೂರಿಸಿಕೊಂಡ. "ವಾರ್ದಲ್ಲಿ ಒಂದಿನ ಒಲೆ ತಣ್ಣಗಿದ್ರೆ ನಂಗಾಗಲ್ಲ ಕಣಯ್ಯ. ಮೈಸೂರಿನೋನೊಬ್ಬ ಕೇಳ್ತಾವ್ನೆ. ಸೋಮವಾರ ಟೇಬಲ್ ಮೇಲೆ ತಟ್ಟೆ ಕಾಣ್ನಿಲ್ಲ ಅಂದ್ರೆ ಅಡುಗೆಮನೆ ಅವನಿಗೆ."

ಎರಡು ಸೋಮವಾರ ಕೊಡಿ ಅಂದೆ. ಗಡುವು ಕೇಳುವಾಗ ಚಿಕ್ಕದು ಕೇಳಬೇಕು. ಇಲ್ಲ ಅನ್ನಲು ಎದುರಿನವನಿಗೇ ನಾಚಿಕೆಯಾಗಬೇಕು. ಕೊಟ್ಟ.

ಹೊಸ ಬಾಣಲೆ ತಂದೆ, ಹೊಸ ಜಾಲರಿ ಸೌಟು ತಂದೆ, ಅವಕ್ಕೆ ಬೇರೆ ಮೊಳೆ ಹೊಡೆದು ನೇತುಹಾಕಿದೆ. ಹೊಸ ಎಣ್ಣೆ ಡಬ್ಬವೂ ಬಂತು. ಆಮೇಲೆ ಕಳಲೆ ಕಡೆಯ ಅಕ್ಕಿ ಮಿಲ್ಲಿನ ಯಜಮಾನರನ್ನು ಹಿಡಿದೆ. ಅವರು ಪ್ರತಿ ಸೋಮವಾರ ಮಧ್ಯಾಹ್ನ ಬಾಮೈದನ ಜೊತೆ ಬಂದು ಮೂಲೆ ಟೇಬಲಿನಲ್ಲಿ ಕೂರುವವರು. ಅವರು ತಿಂದರೆ ಮಿಕ್ಕವರು ಯೋಚನೆ ಮಾಡದೆ ತಿನ್ನುತ್ತಾರೆ, ಅಷ್ಟು ಗಟ್ಟಿ ಮನುಷ್ಯ.

"ಬಾಣ್ಲೆ ಬ್ಯಾರೆ ತಾನೆ?" ಅಂದರು.

"ಬೇರೇನೇ ಯಜಮಾನ್ರೇ. ನನ್ನ ಮಾತು."

ಮೊದಲ ಸೋಮವಾರ ನನ್ನ ಅಡುಗೆಯವನ ಕೈಲಿ ಹೀರೆಕಾಯಿ ಬಜ್ಜಿ ಮಾಡಿಸಿದೆ. ತಟ್ಟೆ ಮೂಲೆ ಟೇಬಲಿಗೆ ಹೋಯಿತು. ಯಜಮಾನರು ಯಾವುದೋ ಬತ್ತದ ಲಾರಿ ಕೆಟ್ಟು ನಿಂತ ಕಥೆ ಹೇಳುತ್ತಿದ್ದರು, ಬಜ್ಜಿ ಮುಟ್ಟಿರಲಿಲ್ಲ. ಬಾಮೈದ ಬಾಯಿಗಿಟ್ಟ. ಸುತ್ತಲ ಟೇಬಲಿನವರು ಅವನ ಬಾಯನ್ನೇ ನೋಡುತ್ತಿದ್ದರು. ಓನರ್ ಕ್ಯಾಶ್ ಕೌಂಟರಿನಿಂದಲೇ ಕತ್ತು ಉದ್ದ ಮಾಡಿದ್ದ.

"ಏನ್ ರುಚಿ ಬಾವ," ಅಂತ ಬಾಮೈದ ಇನ್ನೊಂದು ಎತ್ತಿಕೊಂಡ. "ಮಸಾಲೆ ಏನೋ ಆಕವ್ರೆ ಕಣಿ."

ಹೀರೆಕಾಯಿ ಬಜ್ಜಿಗೆ ಎಲ್ಲಿಯ ಮಸಾಲೆ? ಬಜ್ಜಿಯ ಅಂಚು ನೋಡಿದೆ, ಕೆಂಪಗಿತ್ತು. ಸೀದಾ ಅಡುಗೆಮನೆಗೆ ಹೋದೆ. ಹೊಸ ಎಣ್ಣೆ ಡಬ್ಬ ಮುಚ್ಚಳ ಒಡೆಯದೆ ಹಾಗೇ ಕೂತಿತ್ತು. ಬನ್ನೂರಿನ ಅಡುಗೆಯವನು ಬೆವರು ಒರೆಸಿಕೊಳ್ಳುತ್ತ ಹೆಮ್ಮೆಯಿಂದಲೇ ಹೇಳಿದ: "ನಿನ್ನೆ ಕಬಾಬ್ ಕರಿದ ಎಣ್ಣೆ ಚೆನ್ನಾಗೇ ಇತ್ತಲ್ಲ ಸಾ. ಬಟ್ಟೇಲಿ ಸೋಸಿವ್ನಿ. ಬಾಣ್ಲೆ ಬ್ಯಾರೇನೇ ಇಟ್ಟಿವ್ನಿ, ನೀವ್ ಏಳ್ದಂಗೆ."

ಹೇಳಿದ್ದು ಹೇಳಿದ ಹಾಗೆ ಮಾಡುವವನ ಜೊತೆ ವ್ಯವಹಾರ ಮಾಡುವಾಗ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು. ಆದರೆ ಅದು ಆಮೇಲಿನ ಬುದ್ಧಿ. ಆಗ ಬೈಯಲೂ ಪುರಸೊತ್ತಿರಲಿಲ್ಲ.

ಹೊರಗೆ ಬಂದಾಗ ಯಜಮಾನರ ಕೈಗೆ ಬಜ್ಜಿ ಬಂದಿತ್ತು. ಲಾರಿ ಕಥೆ ಮುಗಿದಿರಲಿಲ್ಲ, ಅಷ್ಟೇ ನನ್ನ ಪುಣ್ಯ. ಓನರ್ ನನ್ನನ್ನು ನೋಡಿ ನಕ್ಕ. ಅವನು ನಗುವುದೇ ಅಪರೂಪ. ಸುಮ್ಮನೆ ನಿಂತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಿಲ್ಲಲಾಗಲಿಲ್ಲ. ಹೋಗಿ ತಟ್ಟೆಗೆ ಕೈ ಹಾಕಿದೆ.

"ಬಿಡಿ ಯಜಮಾನ್ರೇ, ಉಪ್ಪು ಜಾಸ್ತಿಯಾಗಿದೆ. ಬೇರೆ ತರ್ತೀನಿ."

"ಉಪ್ಪಾ?" ಅಂದ ಬಾಮೈದ. "ಎರಡು ತಿಂದಿವ್ನಿ, ಸರ್ಯಾಗೇ ಅದೆ. ಮಡುಗು ಅಲ್ಲಿ."

ಯಜಮಾನರು ಬಜ್ಜಿಯನ್ನು ತಟ್ಟೆಯಲ್ಲಿಟ್ಟರು. "ಇಟ್ಟ ತಟ್ಟೇನ ಯಾವ ಯಾಪಾರಸ್ತನೂ ಎತ್ತಲ್ಲ. ಏನಾಗದೆ ಏಳು."

"ಬಾಣಲೆ ಬೇರೆ, ಎಣ್ಣೆ ನಿನ್ನೇದು," ಅಂದೆ. "ಕಬಾಬಿಂದು."

ಬಾಮೈದ ಎದ್ದು ಹೋಗಿ ಬಾಯಿ ಮುಕ್ಕಳಿಸಿದ, ಮತ್ತೆ ಮುಕ್ಕಳಿಸಿದ. ಯಾರೋ ಹಿಂದಿನಿಂದ, "ನೀರಲ್ಲಿ ಓಗಲ್ಲ ಕಣ್ಲಾ, ಒಳೇಲಿ ಒಂದು ಮುಳುಗು ಆಕು," ಅಂದರು. ಅದು ಅವನನ್ನು ಇನ್ನೂ ಕೆರಳಿಸಿತು.

"ನಿನ್ನ ಬಿಡಲ್ಲ ಕಣೋ," ಅಂತ ನನ್ನ ಮುಂದೆ ಬಂದು ನಿಂತ. "ನಾಳೆ ಪೇಟೆ ತುಂಬ ಏಳ್ತೀನಿ. ಮನೆಮನೆಗೂ ಏಳ್ತೀನಿ. ಸೋಮವಾರ ಮಧ್ಯಾಹ್ನ ನಾನು ಬಾರಲ್ಲಿ ಕೂತ್ಕೊಂಡು..."

ಅಲ್ಲಿಗೆ ನಿಲ್ಲಿಸಿದ. ಅವನ ಕಣ್ಣು ಭಾವನ ಕಡೆ ಹೋಯಿತು, ಭಾವ ಕಿಟಕಿ ನೋಡುತ್ತಿದ್ದರು. ಈ ಮಾತು ಊರಿಗೆ ಹೋಗಬೇಕಾದರೆ ಮನೆಯವರಿಗೆ ಗೊತ್ತಿಲ್ಲದ ಬ್ರಾಂದಿಯನ್ನೂ ಜೊತೆಯಲ್ಲಿ ಕರೆದುಕೊಂಡೇ ಹೋಗಬೇಕಿತ್ತು. ಅದು ನನ್ನ ನಾಲಿಗೆ ತುದಿಗೂ ಬಂದಿತ್ತು. ನುಂಗಿದೆ. ಸೋತು ನಿಂತವನಿಗೆ ಸೋತಿದ್ದೀಯ ಅಂತ ಹೇಳಿದರೆ ಅವನು ಮತ್ತೆ ನಿಮ್ಮ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ.

ಸಿಟ್ಟಾದ ಗಿರಾಕಿಗೆ ಬಿಟ್ಟಿ ತಟ್ಟೆ ಕೊಡಬೇಡಿ. ಕೆಲಸ ಕೊಡಿ. "ಅಣ್ಣಾ," ಅಂದೆ, "ಮುಂದಿನ ಸೋಮವಾರ ಒಲೇನ ನಿಮ್ಮ ಟೇಬಲ್ ಮುಂದೇನೇ ಹಾಕ್ತೀನಿ. ಹೊಸ ಡಬ್ಬದ ಮುಚ್ಚಳ ನೀವೇ ಒಡೀರಿ. ನೀವು ಸರಿ ಅಂದ್ರೆ ಕರೀತೀವಿ. ಇಲ್ಲ ಅಂದ್ರೆ ಅವತ್ತೇ ಪಾತ್ರೆ ಎತ್ತಿಕೊಂಡು ನರಸೀಪುರದ ಬಸ್ ಹತ್ತುತ್ತೀನಿ."

ಅವನು ಹೊರಟು ಹೋದ. ಯಜಮಾನರು ಹಿಂದೆಯೇ ಹೋದರು. ಅವತ್ತು ಇನ್ನೊಂದು ತಟ್ಟೆ ಹೋಗಲಿಲ್ಲ. ಓನರ್ ಹತ್ತಿರ ಬಂದು ಮೆಲ್ಲಗೆ ಅಂದ: "ಬಸ್ಸಿನ ಟೈಮ್ ನೋಡಿಟ್ಕೊ."

ಮುಂದಿನ ಸೋಮವಾರ ಒಲೆ, ಸಿಲಿಂಡರ್ ಎಲ್ಲ ಮೂಲೆ ಟೇಬಲಿನ ಮುಂದೆ ತಂದಿಟ್ಟೆ. ಮಧ್ಯಾಹ್ನ ಯಜಮಾನರು ಬಂದರು, ಒಬ್ಬರೇ. ಗ್ಲಾಸು ಅರ್ಧವಾದ ಮೇಲೆ ಬಾಮೈದ ಒಳಗೆ ಬಂದ, ಯಾರ ಮುಖವನ್ನೂ ನೋಡದೆ ಡಬ್ಬದ ಮುಂದೆ ಕುಕ್ಕರುಗಾಲಲ್ಲಿ ಕೂತ. ಮುಚ್ಚಳ ಒಡೆದ, ಮೂಸಿದ, ಬಾಣಲೆಯ ತಳಕ್ಕೆ ಉಗುರು ಎಳೆದು ನೋಡಿದ. ಎಣ್ಣೆ ಅವನೇ ಸುರಿದ. ಆಮೇಲೆ ಕುರ್ಚಿ ಎಳೆದುಕೊಂಡು ಒಲೆ ಪಕ್ಕದಲ್ಲೇ ಕೂತುಬಿಟ್ಟ. ಮೊದಲ ಬಜ್ಜಿ ಎಣ್ಣೆಗೆ ಬಿತ್ತು.

"ಏನ್ಲಾ," ಅಂದರು ಯಜಮಾನರು. "ತಿನ್ಬೌದಾ?"

ಅವನು ಬಾಣಲೆಗೆ ಬಗ್ಗಿ ನೋಡಿದ. ಕೌಂಟರಿನಲ್ಲಿ ಓನರ್ ಚಿಲ್ಲರೆ ಎಣಿಸುವುದನ್ನು ಬಿಟ್ಟು ನೋಡುತ್ತಿದ್ದ.

"ತಡೀರಿ ಬಾವ," ಅಂದ ಕೊನೆಗೆ. "ಒಂದು ಮಗ್ಗುಲು ಇನ್ನೂ ಬೇಯ್ಬೇಕು." ಆಮೇಲೆ ಅಡುಗೆಯವನಿಗೆ, "ಉರಿ ತಗ್ಗಿಸ್ಲಾ, ಸೀದೋಯ್ತದೆ."

ತಟ್ಟೆಯನ್ನು ಭಾವನ ಮುಂದೆ ಅವನೇ ತಂದಿಟ್ಟ. ಯಜಮಾನರು ತಿಂದರು. ಪಕ್ಕದ ಟೇಬಲಿನವರು ತಮಗೂ ಎರಡು ತಟ್ಟೆ ಅಂತ ಹೇಳಿದರು, ನನಗಲ್ಲ, ಅವನಿಗೆ.

ಓನರ್ ಎದ್ದು ಬಂದು ಒಲೆಯ ಸುತ್ತ ಒಂದು ಸಲ ತಿರುಗಿ ನೋಡಿದ. "ದಾರೀಲಿ ಇಟ್ಟಿದ್ದೀಯಲ್ಲಯ್ಯ, ಓಡಾಡೋರಿಗೆ ತೊಂದ್ರೆ," ಅಂದ. "ಕಿಟಕಿ ಪಕ್ಕ ಒಂದು ಕಟ್ಟೆ ಕಟ್ಟಿಸ್ಬೇಕು. ನಾಳೆ ಗಾರೆಯೋನ್ಗೆ ಬರೇಳು."