ಮುಧೋಳಕ್ಕೆ ಹೋಗಿ ಅಜ್ಜಿಯಾಗಿ ಬಂದ ನಮ್ಮ ಅತ್ತೆ

ಮುಧೋಳದ ಆ ಮನೆಯ ಯಜಮಾನಿ ನಮ್ಮ ಅತ್ತೆಯ ಬೆನ್ನಿಗೆ ಲೋಡು ತಂದಿಟ್ಟಾಗಲೇ ನನಗೆ ಏನೋ ಎಡವಟ್ಟಾಗಿದೆ ಅನ್ನಿಸಿತ್ತು.

ಮಾವನಿಗೂ ನನಗೂ ತಾಟಿನಲ್ಲಿ ಚಕ್ಕುಲಿ, ಉಂಡೆ ಬಂತು. ಅತ್ತೆಗೆ ಮಾತ್ರ ಬಟ್ಟಲಿನಲ್ಲಿ ಹಾಲಿಗೆ ನೆನೆಸಿದ ಅವಲಕ್ಕಿ.

ಕಬ್ಬನ್ನು ಹಲ್ಲಿನಿಂದಲೇ ಸುಲಿಯುವ ಹೆಂಗಸು ನಮ್ಮ ಅತ್ತೆ. ಬಟ್ಟಲನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

ಅಷ್ಟರಲ್ಲಿ ಯಜಮಾನಿ ಮಾವನ ಕಡೆ ತಿರುಗಿ ಅಂದರು, "ಈ ವಯಸ್ಸಿನಾಗ ನಿಮ್ಮ ಅವ್ವಾರನ್ನ ಬಸ್ಸಿನಾಗ ಯಾಕ ದಣಿಸಿದ್ರಿ? ನಿಮ್ಮ ಮನಿಯವರನ್ನ ಕರಕೊಂಡ ಬರಬೇಕಿತ್ತರಿ."

ಮಾವನ ಮನೆಯವರು ಎದುರಿಗೇ ಕೂತಿದ್ದರು... ಅವಲಕ್ಕಿಯ ಬಟ್ಟಲು ಹಿಡಿದುಕೊಂಡು.

ಇದು ಜಮಖಂಡಿ ಸಂಸ್ಥಾನ ಹೋಗಿ ನಾವೆಲ್ಲ ಮುಂಬಯಿ ರಾಜ್ಯದವರಾಗಿದ್ದ ಕಾಲದ ಮಾತು. ಬನಹಟ್ಟಿಯ ನೇಕಾರರ ಮನೆಗೆ ನಾನು ಸೊಸೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನಾದಿನಿಗೆ ಮುಧೋಳದ ಸಂಬಂಧ ಕೂಡಿಬರುವ ಹಾಗಿತ್ತು, ಹುಡುಗನ ಮನೆ ನೋಡಲು ಹೋಗಿದ್ದೆವು.

ಅತ್ತೆಗೆ ಆಗಿನ್ನೂ ನಲವತ್ತರ ಆಸುಪಾಸು. ಆದರೆ ಮನೆಗೆ ಸೊಸೆ ಬಂದಳೆಂದರೆ ಅತ್ತೆಯಾದವಳು ಗಾಢ ಬಣ್ಣ ಬಿಡಬೇಕು ಎನ್ನುವುದು ನಮ್ಮ ಓಣಿಯ ಪದ್ಧತಿ. ನಾನು ಹೊಸ್ತಿಲು ದಾಟಿದ ವಾರದಲ್ಲೇ ಗಿಳಿ ಹಸಿರು, ದಾಳಿಂಬೆ ಕೆಂಪು, ಬದನೆಕಾಯಿ ಬಣ್ಣದ್ದನ್ನೆಲ್ಲ ನನ್ನ ಟ್ರಂಕಿಗೆ ತುಂಬಿ, ತಾವು ಮುದುಕಿಯರು ಉಡುವ ನಶ್ಯದ ಪುಡಿಯ ಬಣ್ಣದ ಸೀರೆ ಹಿಡಿದಿದ್ದರು, ಮುಧೋಳಕ್ಕೂ ಅದನ್ನೇ ಉಟ್ಟಿದ್ದರು.

ಮಾವ ಅವರಿಗಿಂತ ಹತ್ತು ವರ್ಷ ದೊಡ್ಡವರು. ತಲೆಯ ಮೇಲೆ ಗುಲಾಬಿ ರುಮಾಲು. ಗಂಡಸರ ರುಮಾಲಿಗೆ ವಯಸ್ಸು ಕೇಳುವವರು ಯಾರಿದ್ದಾರೆ?

ತಪ್ಪು ತಿದ್ದಿದರೆ ಬೀಗತಿಯಾಗಲಿರುವ ಆ ಯಜಮಾನಿಯ ಮುಖ ಸಣ್ಣದಾಗುತ್ತದೆ, ಸಂಬಂಧವೇ ಕೆಟ್ಟರೂ ಕೆಟ್ಟೀತು. ಮಗಳ ಮುಖ ನೆನೆದು ಅತ್ತೆ ಸೆರಗು ಮುಂದೆಳೆದುಕೊಂಡು ಅವಲಕ್ಕಿ ಮುಗಿಸಿದರು. ಹೊರಡುವಾಗ ಬೀಗತಿ ಅವರ ಕಾಲಿಗೆ ಬೇರೆ ಬಿದ್ದರು. ನೋಡಿದರೆ ಆಕೆಯೇ ಅತ್ತೆಗಿಂತ ದೊಡ್ಡವರಿದ್ದಂತಿತ್ತು.

ಸಂಬಂಧ ಗಟ್ಟಿಯಾಯಿತು.

ಮನೆಗೆ ಬಂದವರೇ ಅತ್ತೆ ಗೋಡೆಯ ಕನ್ನಡಿ ಇಳಿಸಿಕೊಂಡು ಕೂತರು. "ಖರೆ ಹೇಳ ತಂಗಿ, ನಾ ಅಷ್ಟ ಮುದಕಿ ಕಾಣ್ತೇನೇನ?"

"ಇಲ್ರಿ ಅತ್ತಿ, ಆ ಬಣ್ಣ ಹಂಗ ಕಾಣಸ್ತೈತಿ. ಗಿಳಿ ಹಸರ ನೀವ ಉಡ್ರಿ" ಎಂದೆ.

"ಕೊಟ್ಟದ್ದು ತಿರುಗಿ ತಗೊಂಡ್ರ ಓಣಿ ಮಂದಿ ಸುಮ್ಮನಿರ್ತಾರೇನ? ಸೊಸಿ ಜೋಡಿ ಪೈಪೋಟಿಗೆ ನಿಂತಾಳ ಅಂತಾರ."

ಮದುವೆಗೂ ನಶ್ಯದ ಬಣ್ಣವೇ ಎಂದಾಯಿತು. ಮಗಳ ಮದುವೆಯಲ್ಲಿ ತಾಯಿ ಅಜ್ಜಿಯಾಗಿ ಓಡಾಡುವುದನ್ನು ನೆನೆದರೆ ನನಗೇ ಸಂಕಟ. ಮಾವ ಎಲ್ಲ ಕೇಳಿಸಿಕೊಂಡು ಮಗ್ಗದ ಕಡೆ ಹೋದರು.

ಇಲ್ಲಿ ಒಂದು ವಿಷಯ ಹೇಳಬೇಕು. ಓಣಿಯ ಮಗ್ಗಗಳಿಂದ ಇಳಿದ ಒಳ್ಳೆಯ ಸೀರೆಯೆಲ್ಲ ನೂಲು ಕೊಟ್ಟ ಸಾವಕಾರರಿಗೆ ಹೋಗುತ್ತಿತ್ತು. ಎಳೆ ತಪ್ಪಿ ಅವರು ಬೇಡವೆಂದದ್ದು ಮನೆಯ ಹೆಂಗಸರ ಪಾಲು. ಹಾಗೆ ಬಂದ ಸೀರೆ ಯಾವ ಬಣ್ಣದ್ದಿದ್ದರೂ ಉಡಬೇಕು, ಓಣಿಯವರು ಆಡಿಕೊಳ್ಳುವಂತಿಲ್ಲ. ನೇಯ್ದ ಅರಿವೆಯನ್ನು ಬಿಸಾಡಲಾಗುತ್ತದೆಯೇ?

ಆದರೆ ನಮ್ಮ ಮಾವನ ಕೈಯಲ್ಲಿ ಎಳೆ ತಪ್ಪಿದ್ದೇ ಇಲ್ಲ. ಅದೊಂದೇ ಅವರ ಜಂಬ.

ಮದುವೆ ಹತ್ತಿರ ಬಂದಾಗ ಮಗ್ಗದ ಮೇಲೆ ಗಿಳಿ ಹಸಿರು ಸೀರೆ ಇತ್ತು. ಇನ್ನೇನು ಮುಗಿಯಿತು ಅನ್ನುವಾಗ ಮಾವ ಲಾಳಿ ನಿಲ್ಲಿಸಿ "ಅಯ್ಯ ಶಿವನೇ" ಎಂದರು. ಅಂಗೈ ಅಗಲದಷ್ಟು ಎಳೆ ತಪ್ಪಿತ್ತು.

ಸಾವಕಾರರ ಗುಮಾಸ್ತ ಅದನ್ನು ಹಿಂದಕ್ಕೆ ತಳ್ಳಿದ. "ನಿಮ್ಮ ಕೈಯಾಗ ಹಿಂಗ ಆಗೂದಂದ್ರ ಏನ್ರಿ?"

"ವಯಸ್ಸಾತಲ್ಲೋ ತಮ್ಮಾ, ಕಣ್ಣ ಮಂಜ ಆಗ್ಯಾವು" ಎಂದರು ಮಾವ. ಓಣಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಅತ್ತೆ ಆ ಸಂಜೆಯೆಲ್ಲ ಬೈದದ್ದೇ ಬೈದದ್ದು. ಛಲೋ ನೂಲು ಹಾಳಾಯಿತು, ಮಾನ ಹೋಯಿತು... ಬೈಯುತ್ತಲೇ ಸೀರೆಯನ್ನು ಮೈಮೇಲೆ ಹಿಡಿದು ನೋಡಿಕೊಂಡರು.

ಮಡಚುವಾಗ ನಾನು ಗಮನಿಸಿದೆ. ಎಳೆ ತಪ್ಪಿದ್ದು ಸರಿಯಾಗಿ ಸೊಂಟದ ಒಳಗೆ ಸಿಕ್ಕಿಸುವ ತುದಿಯಲ್ಲಿ. ಉಟ್ಟರೆ ಯಾರಿಗೂ ಕಾಣುವುದಿಲ್ಲ.

ಮಂಜಾದ ಕಣ್ಣಿಗೆ ಅಷ್ಟು ಸರಿಯಾದ ಜಾಗ ಸಿಕ್ಕಿತ್ತು. ಮೊದಲು ನಗು ಬಂತು, ಆಮೇಲೆ ಅರ್ಥವಾಯಿತು. ಹೆಂಡತಿಯ ಪ್ರಾಯ ಉಳಿಸಲು ತಮ್ಮ ಮೇಲೆ ಮುಪ್ಪು ಹೇರಿಕೊಂಡಿದ್ದರು ಆ ಮನುಷ್ಯ.

ಮದುವೆಯ ದಿನ. ಬೀಗತಿ ಗಾಡಿಯಿಂದ ಇಳಿಯುತ್ತಾರೆ. ಗಿಳಿ ಹಸಿರುಟ್ಟು, ಮಲ್ಲಿಗೆ ಮುಡಿದು ಅತ್ತೆ ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ನಶ್ಯದ ಬಣ್ಣದ ಸೀರೆ ಟ್ರಂಕಿನ ತಳ ಸೇರಿದೆ.

"ನೀವ ಏನ್ರಿ ಹುಡುಗಿ ಅವ್ವಾರು? ಹೋದ ಸಲ ನೀವ ಬರಲೇ ಇಲ್ಲ" ಎಂದು ಬೀಗತಿ ಅತ್ತೆಯ ಕೈ ಹಿಡಿದರು. ಸುತ್ತ ಕಣ್ಣಾಡಿಸಿದರು. "ಅಂದ ಹಾಂಗ ಅಜ್ಜ್ಯಾರು ಎಲ್ಲೆದಾರ್ರಿ? ಕಾಣವಲ್ಲರು."

ಮಾವ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಹಾಗೇ ನುಂಗಿದರು.

ಅತ್ತೆ ಕಾಲಿಗೆ ನೀರು ಹಾಕುತ್ತ, ತಲೆ ಎತ್ತದೆ ಹೇಳಿದರು, "ಅವರು ಇನ್ನ ಮ್ಯಾಲೆ ಎಲ್ಲೂ ಬರೂದಿಲ್ರಿ. ಟ್ರಂಕಿನಾಗಿಂದ ಏಳೂದ ಇಲ್ಲ... ಅಲ್ರೀ, ಹಾಸಿಗ್ಯಾಗಿಂದ."

ಅತ್ತೆ ಮುಂದೆಂದೂ ಆ ನಶ್ಯದ ಬಣ್ಣದ ಸೀರೆ ಮುಟ್ಟಲಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಮೊಮ್ಮಗಳು ನನಗೊಂದು ಸೀರೆ ತಂದಳು. "ಅಜ್ಜಿ, ಡಾರ್ಕ್ ಕಲರ್ ಉಟ್ರ ಓಲ್ಡ್ ಫ್ಯಾಶನ್ ಕಾಣ್ತೀ. ಈಗೆಲ್ಲ ಇದ ಟ್ರೆಂಡ್" ಎಂದಳು. ಬಿಚ್ಚಿ ನೋಡಿದರೆ ಸಾಕ್ಷಾತ್ ನಶ್ಯದ ಪುಡಿ!

ಮಡಚಿ ಟ್ರಂಕಿಗೆ ಹಾಕಿದ್ದೇನೆ. ನಿಮ್ಮ ಮನೆಯಲ್ಲಿ ಮುದುಕಿಯರ ಬಣ್ಣ ಯಾವುದೆಂದು ಯಾರು ಹೇಳುತ್ತಾರೆ, ಮುದುಕಿಯನ್ನು ಯಾರಾದರೂ ಕೇಳುತ್ತಾರೆಯೇ?